ಎರಡನೇ ಕೈಗೆ ಏನು ಕೆಲಸ? ಜೋಡಿ ಕತ್ತಿ ಮತ್ತು ಗುರಾಣಿಯ ಲೆಕ್ಕ

ಮಳೆಗಾಲದ ಭಾನುವಾರ ಮಧ್ಯಾಹ್ನ ಚಿಕ್ಕಮಗಳೂರಿನಲ್ಲಿ ಹೊರಗೆ ಕಾಲಿಡುವ ಹಾಗಿರುವುದಿಲ್ಲ. ಆಗ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕೈದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆಯೊಳಗೆ ಕಾದಾಡುವ ಆಟ. ಕರೆಂಟ್ ಹೋದರೂ ಈ ಆಟ ನಿಲ್ಲುವುದಿಲ್ಲ. ಕಾಗದ, ಪೆನ್ಸಿಲ್, ದಾಳ, ಒಂದು ಎಮರ್ಜೆನ್ಸಿ ಲೈಟ್ ಇದ್ದರೆ ಸಾಕು. ಈ ಸಲ ಚಿಕ್ಕಪ್ಪನ ಮಗ ಹೊಸದಾಗಿ ಸೇರಿದ. ಪಿಯುಸಿ ಓದುವ ಹುಡುಗ. ಅವನ ವೀರನ ಎರಡೂ ಕೈಯಲ್ಲಿ ಕತ್ತಿ. ಮೂರು ವಾರದಲ್ಲಿ ಆ ವೀರ ಎರಡು ಸಲ ನೆಲಕ್ಕೆ ಬಿದ್ದ. ಅವನ ಪಕ್ಕದಲ್ಲೇ ನಿಂತು ಕತ್ತಿ, ಗುರಾಣಿ ಹಿಡಿದು ಕಾದಾಡಿದ ನನ್ನ ತಂಗಿಯ ಪಾತ್ರ ಒಮ್ಮೆಯೂ ಬೀಳಲಿಲ್ಲ.

"ಅಣ್ಣಾ, ಒಂದು ಕತ್ತಿಗಿಂತ ಎರಡು ಕತ್ತಿ ಜಾಸ್ತಿ ಅಲ್ವಾ? ಮತ್ತೆ ಯಾಕೆ ಹೀಗಾಗುತ್ತೆ?" ಎಂದು ಕೇಳಿದ.

ತುಂಬಾ ಒಳ್ಳೆಯ ಪ್ರಶ್ನೆ. ಅವತ್ತು ಅವನ ಮುಂದೆ ಕಾಗದ ಇಟ್ಟುಕೊಂಡು ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ ನೋಡಿ. ಬಲಗೈ ಇಬ್ಬರದೂ ಒಂದೇ. ಅಲ್ಲಿ ಒಂದು ಆಯುಧ ಇದೆ, ಅದು ಹೊಡೆಯುತ್ತದೆ. ವ್ಯತ್ಯಾಸ ಇರುವುದು ಎಡಗೈಯಲ್ಲಿ. ಆ ಎಡಗೈ ಏನು ತಂದುಕೊಡುತ್ತದೆ, ಅದಕ್ಕೆ ಆಟ ಎಷ್ಟು ಬೆಲೆ ಕೇಳುತ್ತದೆ? ಇಡೀ ವಾದ ಇಷ್ಟರಲ್ಲೇ ಇದೆ.

ನಮ್ಮ ಕಡೆಯವರಿಗೆ ಇದು ಹೊಸ ವಿಷಯವೇನಲ್ಲ. ಕಾಫಿ ಹಣ್ಣು ಕುಯ್ಯುವವರನ್ನು ನೋಡಿದ್ದೀರಲ್ವಾ? ಸೊಂಟಕ್ಕೆ ಚೀಲ ಕಟ್ಟಿಕೊಂಡಿರುತ್ತಾರೆ. ಕೈಗೆಟುಕುವ ಗಿಡವಾದರೆ ಎರಡೂ ಕೈ ಹಣ್ಣಿನ ಮೇಲೆ. ಎತ್ತರದ ಕೊಂಬೆಯಾದರೆ ಒಂದು ಕೈ ಅದನ್ನು ಬಗ್ಗಿಸಿ ಹಿಡಿಯಬೇಕು, ಇನ್ನೊಂದು ಕೈ ಬಿಡಿಸಬೇಕು. ಕೊಂಬೆ ಹಿಡಿದ ಕೈ ಒಂದು ಹಣ್ಣನ್ನೂ ಕೀಳುವುದಿಲ್ಲ. ಆದರೂ ಆ ಕೈ ಬಿಟ್ಟರೆ ಚೀಲ ತುಂಬುವುದಿಲ್ಲ. ಗುರಾಣಿ ಹಿಡಿದ ಕೈಯೂ ಹಾಗೆಯೇ. ಅದು ಮಾಡುವ ಕೆಲಸ ಪೆಟ್ಟಿನ ಲೆಕ್ಕದಲ್ಲಿ ಕಾಣಿಸುವುದಿಲ್ಲ.

ಈಗ ಅಂಕಿಗಳಿಗೆ ಬರೋಣ. ಡಂಜನ್ಸ್ ಅಂಡ್ ಡ್ರಾಗನ್ಸ್ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಆಟ. ಇವತ್ತಿನ ಬಹುಪಾಲು ರೋಲ್ ಪ್ಲೇಯಿಂಗ್ ಆಟಗಳ ಬೇರು ಅಲ್ಲಿದೆ. ನಾವು ಜಗಲಿಯಲ್ಲಿ ಆಡುವುದು ಅದರ ಐದನೇ ಆವೃತ್ತಿ, 2014ರ ನಿಯಮ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಆಟವೂ ಇದೇ ನಿಯಮಗಳ ಮೇಲೆ ಕಟ್ಟಿದ್ದು.

ಇದರಲ್ಲಿ ಹೊಡೆಯುವುದು ಹೀಗೆ. 20 ಮುಖದ ದಾಳ ಹಾಕಿ, ಬಂದದ್ದಕ್ಕೆ ನಿಮ್ಮ ಕೌಶಲದ ಅಂಕಿ ಕೂಡಿಸಬೇಕು. ಮೊತ್ತ ಎದುರಾಳಿಯ ಆರ್ಮರ್ ಕ್ಲಾಸ್, ಅಂದರೆ ಅವನ ರಕ್ಷಣೆಯ ಅಂಕಿ, ಮುಟ್ಟಿದರೆ ಪೆಟ್ಟು ಬಿತ್ತು. ಮುಟ್ಟದಿದ್ದರೆ ಇಲ್ಲ. ಪೆಟ್ಟು ಎಷ್ಟು ಜೋರು ಅನ್ನುವುದಕ್ಕೆ ಬೇರೆ ದಾಳ. ಗಿಡ್ಡ ಕತ್ತಿಗೆ ಆರು ಮುಖದ್ದು, ಉದ್ದ ಕತ್ತಿಗೆ ಎಂಟು ಮುಖದ್ದು. ಅದಕ್ಕೆ ತೋಳಿನ ಬಲ ಕೂಡುತ್ತದೆ. ನಮ್ಮ ಹುಡುಗನಿಗೂ ತಂಗಿಗೂ ಅದು 3.

ಜೋಡಿ ಕತ್ತಿಯ ನಿಯಮದಲ್ಲಿ ಮೂರು ಗಂಟುಗಳಿವೆ. ಎರಡೂ ಹಗುರವಾದ ಕತ್ತಿಗಳಾಗಿರಬೇಕು, ಹಾಗಾಗಿ ಉದ್ದ ಕತ್ತಿ ಹಿಡಿಯುವಂತಿಲ್ಲ. ಎಡಗೈ ಪೆಟ್ಟಿಗೆ ತೋಳಿನ ಬಲ ಕೂಡುವುದಿಲ್ಲ. ಮೂರನೆಯದು ಹೊಸಬರ ಕಣ್ಣಿಗೆ ಬೀಳದೇ ಹೋಗುವಂಥದ್ದು. ಎಡಗೈ ಪೆಟ್ಟಿಗೆ ಬೋನಸ್ ಆಕ್ಷನ್ ಖರ್ಚಾಗುತ್ತದೆ. ಸರದಿಯ ಮುಖ್ಯ ಕೆಲಸ ಆಕ್ಷನ್, ಅದರ ಜೊತೆಗೆ ಸಿಗುವ ಸಣ್ಣ ಕೆಲಸ ಬೋನಸ್ ಆಕ್ಷನ್. ಒಂದು ಸರದಿಯಲ್ಲಿ ಅದು ಸಿಗುವುದು ಒಂದೇ ಸಲ.

ಸರಾಸರಿ ಹಾಕೋಣ. ಎರಡೂ ಪೆಟ್ಟು ಬಿದ್ದರೆ ಹುಡುಗನಿಗೆ ಬಲಗೈಯಿಂದ 6.5, ಎಡಗೈಯಿಂದ 3.5. ಒಟ್ಟು 10. ತಂಗಿಯ ಉದ್ದ ಕತ್ತಿಗೆ 7.5. ಇಲ್ಲಿಗೆ ಹುಡುಗ ಮುಂದಿದ್ದಾನೆ. ಆದರೆ ಇಮ್ಮಡಿ ಎಲ್ಲಿ ಆಯಿತು? ಮೂರನೇ ಒಂದು ಪಾಲು ಜಾಸ್ತಿ, ಅಷ್ಟೇ.

ಇನ್ನು ಗುರಾಣಿ. ಅದು ಕೊಡುವುದು ಆರ್ಮರ್ ಕ್ಲಾಸ್‌ಗೆ ಬರೀ 2. ಕೇಳಲು ಏನೂ ಅಲ್ಲ ಅನ್ನಿಸುತ್ತದೆ. ಹುಡುಗನ ಆರ್ಮರ್ ಕ್ಲಾಸ್ 16, ತಂಗಿಯದು 18. ಎದುರಾಳಿ ತನ್ನ ದಾಳಕ್ಕೆ 5 ಕೂಡಿಸಿಕೊಳ್ಳುತ್ತಾನೆ ಎನ್ನಿ. ಹುಡುಗನಿಗೆ ತಾಗಬೇಕಾದರೆ ದಾಳದಲ್ಲಿ 11 ಅಥವಾ ಮೇಲೆ ಬರಬೇಕು. 20ರಲ್ಲಿ 10 ಸಲ, ಅಂದರೆ 50%. ತಂಗಿಗೆ ತಾಗಲು 13 ಬೇಕು, ಅದು 40%. ಎದುರಾಳಿ ಸುತ್ತಿಗೊಮ್ಮೆ ಹೊಡೆಯುತ್ತಾನೆ, ಒಂದು ಪೆಟ್ಟಿಗೆ 10 ಹೋಗುತ್ತದೆ, ಇಬ್ಬರಿಗೂ 40 ಹಿಟ್ ಪಾಯಿಂಟ್ (ಪ್ರಾಣಬಲದ ಅಂಕಿ) ಇದೆ ಎಂದಾದರೆ ಹುಡುಗ ಸರಾಸರಿ 8 ಸುತ್ತು ನಿಲ್ಲುತ್ತಾನೆ, ತಂಗಿ 10 ಸುತ್ತು. ಆ ಹೆಚ್ಚಿನ ಎರಡು ಸುತ್ತಿನಲ್ಲೂ ಅವಳು ಹೊಡೆಯುತ್ತಲೇ ಇರುತ್ತಾಳೆ. 8 ಸುತ್ತಿಗೆ ಹತ್ತರಂತೆ 80. 10 ಸುತ್ತಿಗೆ ಏಳೂವರೆಯಂತೆ 75. ನೋಡಿ, ದೂರ ಕಂಡಿದ್ದ ಅಂತರ ಎಷ್ಟು ಹತ್ತಿರ ಬಂತು. ತಪ್ಪುವ ಪೆಟ್ಟುಗಳನ್ನು ಇಲ್ಲಿ ಸೇರಿಸಿಲ್ಲ. ಇಬ್ಬರ ಪೆಟ್ಟೂ ಒಂದೇ ಪ್ರಮಾಣದಲ್ಲಿ ತಪ್ಪುವುದರಿಂದ ಹೋಲಿಕೆ ಕೆಡುವುದಿಲ್ಲ.

ಇದರ ಮುಂದಿನ ಹೆಜ್ಜೆ ನನಗೆ ತುಂಬಾ ಇಷ್ಟ. ಇಬ್ಬರಿಗೂ ಒಳ್ಳೆಯ ಮಾಯಾ ಕವಚ ಸಿಕ್ಕಿತು ಎನ್ನಿ. ಗುರಾಣಿ ಇಲ್ಲದೆ 20, ಗುರಾಣಿ ಇದ್ದರೆ 22. ಅದೇ ಎದುರಾಳಿ ಈಗ 30% ಮತ್ತು 20% ಸಲ ತಾಗಿಸುತ್ತಾನೆ. ಗುರಾಣಿ ಕಳೆದದ್ದು ಎರಡೂ ಕಡೆ ಅದೇ 10%. ಆದರೆ 50ರಲ್ಲಿ 10 ಕಳೆದರೆ ಐದನೇ ಒಂದು ಭಾಗ ಉಳಿತಾಯ. 30ರಲ್ಲಿ 10 ಕಳೆದರೆ ಮೂರನೇ ಒಂದು ಭಾಗ. ಅದೇ ಗುರಾಣಿ, ಅದೇ 2. ಮೈಮೇಲಿನ ಕವಚ ಗಟ್ಟಿಯಾದಷ್ಟೂ ಅದರ ಬೆಲೆ ಏರುತ್ತದೆ. ತೆಳು ಕವಚದವನು ಗುರಾಣಿ ಹಿಡಿದರೆ ಸ್ವಲ್ಪ ಲಾಭ, ಈಗಾಗಲೇ ಗಟ್ಟಿಯಾಗಿರುವವನು ಹಿಡಿದರೆ ಜಾಸ್ತಿ ಲಾಭ. ಮನಸ್ಸು ಉಲ್ಟಾ ಹೇಳುತ್ತದೆ. ರಕ್ಷಣೆ ಇಲ್ಲದವನಿಗೇ ಗುರಾಣಿ ಬೇಕು ಅನ್ನಿಸುತ್ತದೆ ಅಲ್ವಾ? ಲೆಕ್ಕ ಹಾಗಿಲ್ಲ.

"ನಾನು ಜೋಡಿ ಕತ್ತಿಯ ಶೈಲಿ ಕಲಿತರೆ?" ಎಂದ ಹುಡುಗ. ಸರಿಯಾದ ಮಾತು. ಆ ಶೈಲಿ ಕಲಿತವನಿಗೆ ಎಡಗೈ ಪೆಟ್ಟಿಗೂ ತೋಳಿನ ಬಲ ಕೂಡುತ್ತದೆ. ಆಗ 6.5 ಮತ್ತು 6.5, ಒಟ್ಟು 13. ಆದರೆ ತಂಗಿಯೂ ಸುಮ್ನೆ ಕೂರುವುದಿಲ್ಲ. ಒಂದೇ ಕೈಯಲ್ಲಿ ಒಂದೇ ಆಯುಧ ಹಿಡಿದವರಿಗೆ ಡ್ಯುಯೆಲಿಂಗ್ ಅನ್ನುವ ಶೈಲಿ ಇದೆ. ಪ್ರತಿ ಪೆಟ್ಟಿಗೆ 2 ಜಾಸ್ತಿ. ಇನ್ನೊಂದು ಕೈಯಲ್ಲಿ ಗುರಾಣಿ ಇದ್ದರೂ ಇದು ನಡೆಯುತ್ತದೆ. ಅವಳದು 9.5 ಆಯಿತು.

ಐದನೇ ಲೆವೆಲ್‌ಗೆ ಬಂದಾಗ ಯೋಧರಿಗೆ ಒಂದು ಸರದಿಗೆ ಎರಡು ಪೆಟ್ಟು ಸಿಗುತ್ತದೆ. ಈ ಹೆಚ್ಚಿನ ಪೆಟ್ಟು ಬಲಗೈಗೆ ಮಾತ್ರ. ಎಡಗೈಗೆ ಹಿಂದಿನ ಹಾಗೆ ಒಂದೇ. ತೋಳಿನ ಬಲ ಅಷ್ಟೇ ಇದೆ ಎಂದಿಟ್ಟುಕೊಂಡರೆ ಹುಡುಗನಿಗೆ ಮೂರು ಪೆಟ್ಟು, 19.5. ತಂಗಿಗೆ ಎರಡು ಪೆಟ್ಟು, 19. ಅರ್ಧ ಅಂಕದ ವ್ಯತ್ಯಾಸ! ಹನ್ನೊಂದನೇ ಲೆವೆಲ್‌ನಲ್ಲಿ ಫೈಟರ್ ಎನ್ನುವ ಯೋಧ ಪಾತ್ರಕ್ಕೆ ಮೂರು ಪೆಟ್ಟು. ಹುಡುಗನಿಗೆ ನಾಲ್ಕು ಸೇರಿ 26, ತಂಗಿಗೆ ಮೂರು ಸೇರಿ 28.5. ಹೊಡೆಯುವುದರಲ್ಲೇ ಗುರಾಣಿಯವಳು ಮುಂದೆ ಹೋದಳು. ಆರ್ಮರ್ ಕ್ಲಾಸ್ ಬೇರೆ ಅವಳದೇ ಜಾಸ್ತಿ. ಹುಡುಗ ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಾಗಾದರೆ ಜೋಡಿ ಕತ್ತಿ ದಂಡವೇ? ಖಂಡಿತಾ ಅಲ್ಲ. ಅದರ ಬಲ ಇರುವುದು ಬೇರೆ ಕಡೆ.

ರೋಗ್ ಎನ್ನುವ ಕಳ್ಳ ಪಾತ್ರವನ್ನು ತೆಗೆದುಕೊಳ್ಳಿ. ಅವನ ಸ್ನೀಕ್ ಅಟ್ಯಾಕ್, ಅಂದರೆ ಹೊಂಚಿ ಹೊಡೆಯುವ ಹೆಚ್ಚುವರಿ ಪೆಟ್ಟು, ಒಂದು ಸರದಿಯಲ್ಲಿ ಒಂದೇ ಸಲ ಕೂಡುತ್ತದೆ. ಐದನೇ ಲೆವೆಲ್‌ನಲ್ಲಿ ಅದು ಆರು ಮುಖದ ಮೂರು ದಾಳ, ಸರಾಸರಿ 10.5. ಅವನ ಕತ್ತಿಯ ಪೆಟ್ಟಿಗಿಂತ ಇದೇ ದೊಡ್ಡದು. ಇದನ್ನು ಕೂಡಿಸಲು ಯಾವುದಾದರೂ ಒಂದು ಪೆಟ್ಟು ತಾಗಿದರೆ ಸಾಕು. ತಾಗುವ ಸಾಧ್ಯತೆ 60% ಇದ್ದರೆ, ಒಂದು ಕತ್ತಿಯವನಿಗೆ ನೂರರಲ್ಲಿ 40 ಸರದಿ ಖಾಲಿ ಹೋಗುತ್ತದೆ. ಎರಡು ಕತ್ತಿ ಇದ್ದರೆ ಎರಡೂ ತಪ್ಪಬೇಕು. 40ರಲ್ಲಿ 40%, ಅಂದರೆ 16 ಮಾತ್ರ ಖಾಲಿ. 60% ಇದ್ದದ್ದು 84% ಆಯಿತು. ಎಡಗೈ ಕತ್ತಿ ಅವನಿಗೆ ಎರಡನೇ ಅವಕಾಶ. ಅದರ ಪೆಟ್ಟು ಎಷ್ಟು ಸಣ್ಣದಿದ್ದರೂ ಚಿಂತೆಯಿಲ್ಲ. ಮೇಲಾಗಿ ರೋಗ್‌ಗೆ ಗುರಾಣಿಯ ತರಬೇತಿ ಆಟವೇ ಕೊಟ್ಟಿಲ್ಲ.

ಪೆಟ್ಟಿಗೊಂದರಂತೆ ಏನಾದರೂ ಕೂಡುವ ಕಡೆಯೆಲ್ಲ ಹೀಗೆಯೇ. ವಿಷ, ಬೆಂಕಿ, ರಕ್ತಸ್ರಾವ. ಪೆಟ್ಟಿನ ಗಾತ್ರಕ್ಕಿಂತ ಪೆಟ್ಟಿನ ಎಣಿಕೆ ಮುಖ್ಯವಾದರೆ ಜೋಡಿ ಕತ್ತಿಗೆ ಸುಗ್ಗಿ. ಇದಕ್ಕೆ ಎದುರು ಮುಖವೂ ಇದೆ. ಕೆಲವು ಆಟಗಳಲ್ಲಿ ಕವಚ ಪ್ರತಿ ಪೆಟ್ಟಿನಿಂದ ಇಂತಿಷ್ಟು ಎಂದು ಕಳೆಯುತ್ತದೆ. ಕವಚ 4 ಕಳೆಯುತ್ತದೆ ಎನ್ನಿ. ಹತ್ತರ ಒಂದು ಪೆಟ್ಟಿನಲ್ಲಿ 6 ಉಳಿಯಿತು. ಐದೈದರ ಎರಡು ಪೆಟ್ಟಿನಲ್ಲಿ ಉಳಿದದ್ದು ಒಂದೊಂದು, ಒಟ್ಟು 2. ಆಟ ಶುರು ಮಾಡುವ ಮೊದಲು ಕವಚ ಕಳೆಯುವುದು ಶೇಕಡಾ ಲೆಕ್ಕದಲ್ಲೋ, ಇಂತಿಷ್ಟು ಎಂದೋ ನೋಡಿಕೊಳ್ಳಿ. ನನ್ನ ಪ್ರಕಾರ ಆಯುಧದ ಅಂದಚೆಂದಕ್ಕಿಂತ ಮೊದಲು ಓದಬೇಕಾದ ಸಾಲು ಅದು.

ಬೋನಸ್ ಆಕ್ಷನ್ ಗಂಟನ್ನು ಮರೆಯಬೇಡಿ. ರೇಂಜರ್ ಎನ್ನುವ ಬೇಟೆಗಾರ ಪಾತ್ರಕ್ಕೆ ಹಂಟರ್ಸ್ ಮಾರ್ಕ್ ಅನ್ನುವ ಮಂತ್ರ ಇದೆ. ಗುರುತು ಹಾಕಿದ ಎದುರಾಳಿಗೆ ಪ್ರತಿ ಪೆಟ್ಟಿನಲ್ಲೂ ಆರು ಮುಖದ ಒಂದು ದಾಳ ಜಾಸ್ತಿ. ಜೋಡಿ ಕತ್ತಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಆ ಗುರುತು ಹಾಕಲೂ ಬೋನಸ್ ಆಕ್ಷನ್ ಬೇಕು, ಒಬ್ಬ ಸತ್ತ ಮೇಲೆ ಇನ್ನೊಬ್ಬನಿಗೆ ದಾಟಿಸಲೂ ಬೇಕು. ಆ ಸರದಿಯಲ್ಲಿ ಎಡಗೈ ಸುಮ್ಮನಿರಬೇಕು. ಗುರಾಣಿ ಇಂಥದ್ದೇನೂ ಕೇಳುವುದಿಲ್ಲ. ತೊಟ್ಟುಕೊಂಡು ನಿಂತರೆ ಆಯಿತು.

ಕಂಪ್ಯೂಟರ್ ಆಟಗಳಲ್ಲಿ ಬೆಲೆ ಕೇಳುವ ರೀತಿ ಬೇರೆ. 2004ರಲ್ಲಿ ಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ನೇರವಾಗಿ ಕೇಳಿಬಿಟ್ಟಿತು. ಎಡಗೈ ಆಯುಧದ ಪೆಟ್ಟು ಅರ್ಧ. ಎರಡು ಆಯುಧ ಹಿಡಿದರೆ ಸಾಮಾನ್ಯ ಪೆಟ್ಟುಗಳು ತಪ್ಪುವ ಸಾಧ್ಯತೆಗೆ ಇನ್ನೂ 19% ಕೂಡುತ್ತದೆ. ಆಟದ ಮೊದಲ ಆವೃತ್ತಿಯಲ್ಲಿ ಸಮಾನ ಲೆವೆಲ್‌ನ ಎದುರಾಳಿಗೆ 5% ತಪ್ಪುತ್ತಿದ್ದದ್ದು 24% ಆಗುತ್ತಿತ್ತು. ಒಂದೇ ತೂಕದ ಎರಡು ಆಯುಧ ಹಿಡಿದು ನೋಡೋಣ. ಒಂದು ಆಯುಧದಲ್ಲಿ ನೂರಕ್ಕೆ 95 ಪಾಲು ತಾಗುತ್ತಿತ್ತು. ಎರಡರಲ್ಲಿ ಒಂದೂವರೆ ಪಾಲು ಪೆಟ್ಟು, ತಾಗುವುದು 76%, ಅಂದರೆ 114. ಬರೀ ಸಾಮಾನ್ಯ ಪೆಟ್ಟಿನ ಮಟ್ಟಿಗೆ ಲಾಭ ಐದನೇ ಒಂದು ಭಾಗ. ಆ ಆಟದ ರೋಗ್‌ಗಳು ಎರಡು ಆಯುಧ ಬಿಡದೇ ಇರಲು ಬೇರೆ ಕಾರಣಗಳಿವೆ. ಆಗ ಎರಡಕ್ಕೂ ವಿಷ ಸವರಬಹುದಿತ್ತು, ಮತ್ತು ಅವರ ವಿಶೇಷ ಪೆಟ್ಟುಗಳಿಗೆ ಆ 19% ದಂಡ ಇಲ್ಲ.

ಡಂಜನ್ಸ್ ಅಂಡ್ ಡ್ರಾಗನ್ಸ್ ಮೂರನೇ ಆವೃತ್ತಿ, 2000ದ್ದು, ಇನ್ನೂ ಕಟುವಾಗಿತ್ತು. ತರಬೇತಿ ಇಲ್ಲದೆ ಎರಡು ಆಯುಧ ಎತ್ತಿದರೆ, ಎಡಗೈಯದು ಹಗುರವಾದದ್ದಲ್ಲದಿದ್ದರೆ, ಬಲಗೈ ದಾಳದಲ್ಲಿ 6, ಎಡಗೈ ದಾಳದಲ್ಲಿ 10 ಕಡಿತ.

2011ರ ಸ್ಕೈರಿಮ್ ದಾಳ ಕೇಳುವುದಿಲ್ಲ, ಗುಂಡಿಯನ್ನೇ ಕಿತ್ತುಕೊಳ್ಳುತ್ತದೆ. ಎಡಗೈಯಲ್ಲಿ ಎರಡನೇ ಕತ್ತಿ ಬಂದರೆ ಪೆಟ್ಟು ತಡೆಯುವ ಗುಂಡಿಯೇ ಹೊಡೆಯುವ ಗುಂಡಿಯಾಗುತ್ತದೆ. ಮತ್ತೆ ತಡೆಯಲು ದಾರಿಯಿಲ್ಲ, ಹಿಂದೆ ಸರಿಯಬೇಕು. ಬದಲಿಗೆ ಡ್ಯುಯಲ್ ಫ್ಲರಿ ಕಲಿತರೆ ಕೈ ವೇಗ 35% ತನಕ ಏರುತ್ತದೆ, ಡ್ಯುಯಲ್ ಸ್ಯಾವೇಜರಿ ಕಲಿತರೆ ಎರಡೂ ಕೈಯ ಬಲವಾದ ಪೆಟ್ಟು ಒಂದೂವರೆ ಪಟ್ಟು. ಅದೇ ಆಟದಲ್ಲಿ ಕವಚ ಕೊಡುವ ರಕ್ಷಣೆ 80%ಕ್ಕೆ ನಿಂತುಬಿಡುತ್ತದೆ. ಮೈಮೇಲಿನ ಕವಚದಿಂದಲೇ ಆ ಮಿತಿ ಮುಟ್ಟಿದವರಿಗೆ ಗುರಾಣಿ ಕೂಡಿಸುವ ಕವಚದ ಅಂಕಿ ನಷ್ಟದ ಬಾಬತ್ತು. ಆಗ ಗುರಾಣಿಯಿಂದ ಉಳಿಯುವುದು ಎತ್ತಿ ತಡೆಯುವ ಕೆಲಸ ಮಾತ್ರ. ಗುರಾಣಿಯ ಬೆಲೆ ಏರುತ್ತಾ ಹೋಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಮಿತಿ ಇರುವ ಆಟದಲ್ಲಿ ಆ ಏರಿಕೆ ಅಲ್ಲಿಗೇ ನಿಲ್ಲುತ್ತದೆ.

2022ರ ಎಲ್ಡನ್ ರಿಂಗ್ ನನ್ನ ಮಟ್ಟಿಗೆ ಈ ಎರಡೂ ದಾರಿಗೆ ನ್ಯಾಯ ಒದಗಿಸಿದ ಆಟ. ಒಂದೇ ಜಾತಿಯ ಎರಡು ಆಯುಧ ಹಿಡಿದರೆ ಎಡಗಡೆಯ ಗುಂಡಿಗೆ ಎರಡೂ ಒಟ್ಟಿಗೆ ಬೀಸುತ್ತವೆ. ರಕ್ತಸ್ರಾವದ ಆಯುಧಗಳಾದರೆ ಎದುರಾಳಿಯ ರಕ್ತಸ್ರಾವದ ಮಾಪಕ ಬಹಳ ಬೇಗ ತುಂಬುತ್ತದೆ. ಗುರಾಣಿಯವರಿಗೆ ಗಾರ್ಡ್ ಕೌಂಟರ್ ಇದೆ. ಪೆಟ್ಟನ್ನು ಗುರಾಣಿಯಲ್ಲಿ ತಡೆದ ಕೂಡಲೇ ಬಲವಾದ ಪೆಟ್ಟಿನ ಗುಂಡಿ ಒತ್ತಿದರೆ ತಿರುಗೇಟು ಬೀಳುತ್ತದೆ, ಎದುರಾಳಿಯ ನಿಲುವು ಕುಸಿಯುತ್ತದೆ. ತಡೆಯುವುದೇ ಹೊಡೆಯುವುದಕ್ಕೆ ಬಾಗಿಲಾಯಿತು. ಆದರೆ ಪ್ರತಿ ತಡೆಗೂ ಸ್ಟ್ಯಾಮಿನಾ (ದಮ್ಮು) ಹೋಗುತ್ತದೆ. ಗುರಾಣಿ ಎತ್ತಿಕೊಂಡೇ ಇದ್ದರೆ ಅದು ನಿಧಾನವಾಗಿ ತುಂಬುತ್ತದೆ. ಹೊಸಬರು ಮಾಡುವ ತಪ್ಪು ಇದು. ಭಯಕ್ಕೆ ಗುರಾಣಿ ಇಳಿಸುವುದೇ ಇಲ್ಲ, ಕೊನೆಗೆ ಬೇಕಾದಾಗ ಉಸಿರೇ ಇರುವುದಿಲ್ಲ. ಎರಡು ಪೆಟ್ಟಿನ ನಡುವೆ ಇಳಿಸಿ, ಮತ್ತೆ ಎತ್ತಿ.

ಜೋಡಿ ಆಯುಧದ ಇನ್ನೊಂದು ಖರ್ಚು ಅಲ್ಲಿ ಚೆನ್ನಾಗಿ ಕಾಣುತ್ತದೆ. ಎರಡನ್ನೂ ಹದ ಮಾಡಿಸಬೇಕು. ಆಯುಧ ಬಲಪಡಿಸುವ ಸ್ಮಿತಿಂಗ್ ಸ್ಟೋನ್‌ಗಳು ಎರಡು ಪಾಲು ಬೇಕು. ತೂಕವೂ ಎರಡು ಪಾಲು. ಹೊರೆ ಹೊರಬಲ್ಲ ತೂಕದ 70% ದಾಟಿದರೆ, ಪೆಟ್ಟು ತಪ್ಪಿಸಲು ಉರುಳುವಾಗ ಮೈ ಭಾರವಾಗುತ್ತದೆ. ಗುರಾಣಿಯೂ ತೂಕವೇ, ಆದರೆ ಹದ ಮಾಡಿಸದೆ ಬಹಳ ದೂರ ನಡೆಯುತ್ತದೆ.

ಇಷ್ಟೆಲ್ಲ ಹೇಳುವಾಗ ಹುಡುಗ ಇನ್ನೊಂದು ಕೇಳಿದ. "ನಿಜವಾದ ಯುದ್ಧದಲ್ಲಿ ಹೇಗಿತ್ತು?"

ನಮ್ಮಲ್ಲಿಂದ ಬೇಲೂರು, ಹಳೇಬೀಡಿನ ಕಡೆ ಹೋದರೆ ಉತ್ತರ ಕಲ್ಲಿನಲ್ಲೇ ಇದೆ. ಈ ಸೀಮೆಯ ಊರೂರಲ್ಲಿ ವೀರಗಲ್ಲುಗಳಿವೆ. ಸಾಮಾನ್ಯವಾಗಿ ಮೂರು ಅಂತಸ್ತು. ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಆ ಕೆಳಗಿನ ಅಂತಸ್ತನ್ನು ನೋಡಿ. ಬಿಲ್ಲು ಹಿಡಿದವರಿದ್ದಾರೆ, ಕುದುರೆ ಏರಿದವರಿದ್ದಾರೆ. ನೆಲದ ಮೇಲೆ ನಿಂತು ಕತ್ತಿ ಬೀಸುವವನ ಇನ್ನೊಂದು ಕೈಯಲ್ಲಿ ಮತ್ತೆ ಮತ್ತೆ ಕಾಣುವುದು ಗುರಾಣಿ. ಬಾಣ ಬೀಳುವ ಕಣದಲ್ಲಿ ಎರಡನೇ ಕತ್ತಿ ಏನು ತಡೆದೀತು? ಆ ವೀರರು ದನ ತುರುಗಳಿಗಾಗಿ, ಊರಿಗಾಗಿ ಪ್ರಾಣ ಕೊಟ್ಟವರು. ಅವರ ಎಡಗೈಯ ಆಯ್ಕೆಯನ್ನು ನಾನು ಗೌರವದಿಂದ ನೋಡುತ್ತೇನೆ.

ಎರಡು ಆಯುಧದ ಕಾಳಗ ಜಗತ್ತಿನಲ್ಲಿ ಇರಲೇ ಇಲ್ಲ ಎಂದಲ್ಲ. 16, 17ನೇ ಶತಮಾನದ ಯುರೋಪಿನಲ್ಲಿ ಉದ್ದ ತೆಳು ಕತ್ತಿಯ ಜೊತೆ ಎಡಗೈಯಲ್ಲಿ ಕಠಾರಿ ಹಿಡಿಯುತ್ತಿದ್ದರು. ಜಪಾನಿನ ಮಿಯಾಮೊಟೊ ಮುಸಾಶಿ ಒಂದು ಉದ್ದ, ಒಂದು ಗಿಡ್ಡ ಕತ್ತಿಯ ವರಸೆಗೆ ಹೆಸರಾದವನು. ಆದರೆ ಯುರೋಪಿನ ಆ ಎಡಗೈ ಕಠಾರಿಯ ಮುಖ್ಯ ಕೆಲಸ ಎದುರಾಳಿಯ ಕತ್ತಿಯನ್ನು ತಡೆದು ಆಚೆ ತಳ್ಳುವುದು. ಅಂದರೆ ಅದೂ ಒಂದು ಬಗೆಯ ಗುರಾಣಿಯೇ. ಬೀದಿಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದಾದ ಗುರಾಣಿ. ಆಟಗಳು ಈ ತಡೆಯುವ ಗುಣವನ್ನು ಬಹುಮಟ್ಟಿಗೆ ಬಿಟ್ಟು, ಎರಡನೇ ಕತ್ತಿ ಎಂದರೆ ಇನ್ನೊಂದು ಪೆಟ್ಟು ಎಂದು ಮಾಡಿಕೊಂಡವು. ನಮ್ಮ ಜಗಲಿ ಆಟದ 2014ರ ನಿಯಮದಲ್ಲಿ ಡ್ಯುಯಲ್ ವೀಲ್ಡರ್ ಅನ್ನುವ ಜೋಡಿ ಆಯುಧದ ವಿಶೇಷ ತರಬೇತಿ ಕಲಿತವರಿಗೆ ಆರ್ಮರ್ ಕ್ಲಾಸ್ 1 ಏರುತ್ತದೆ. ಹಳೆಯ ಕಠಾರಿಯ ನೆನಪು ಅಷ್ಟು ಮಾತ್ರ ಉಳಿದಿದೆ.

ಗುಂಪಿನ ಮಾತನ್ನೂ ಹೇಳಬೇಕು. ಮೇಲಿನ ಲೆಕ್ಕವೆಲ್ಲ ಒಬ್ಬನಿಗೊಬ್ಬ ಎದುರು ನಿಂತಾಗಿನದು. ಗುಂಪಿನಲ್ಲಿ ಎಲ್ಲರೂ ಸೇರಿ ಒಬ್ಬೊಬ್ಬ ಎದುರಾಳಿಯನ್ನೇ ಬೇಗ ಮುಗಿಸಿದರೆ ಅವನು ಹೊಡೆಯುವುದೂ ನಿಲ್ಲುತ್ತದೆ. ಮುಂದೆ ಇನ್ನೊಬ್ಬರು ಗುರಾಣಿ ಹಿಡಿದು ನಿಂತಿದ್ದರೆ, ಹಿಂದೆ ಗಾಯ ವಾಸಿ ಮಾಡುವವರಿದ್ದರೆ, ಜೋಡಿ ಕತ್ತಿಯವನ ಕೊರತೆ ತುಂಬುತ್ತದೆ. ನಮ್ಮ ಹುಡುಗನ ತೊಂದರೆ ಇದ್ದದ್ದು ಅಲ್ಲಿ. ಅವನು ತಂಗಿಯ ಪಕ್ಕಕ್ಕೆ ಸಾಲಾಗಿ ನಿಲ್ಲುತ್ತಿದ್ದ. ಎದುರಾಳಿಗಳಿಗೆ ಇಬ್ಬರಲ್ಲಿ ಹೊಡೆಯಲು ಸುಲಭವಾದವನು ಸಿಕ್ಕಿದ. ಅವಳು ಮುಂದೆ, ಅವನು ಬದಿಯಿಂದ ಒಳನುಗ್ಗಿ ಹೊಡೆದು ಹಿಂದೆ ಬಂದಿದ್ದರೆ ಎರಡು ಸಲವೂ ಬೀಳುತ್ತಿರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಡಂಜನ್ಸ್ ಅಂಡ್ ಡ್ರಾಗನ್ಸ್‌ಗೆ 2024ರಲ್ಲಿ ಬಂದ ಪರಿಷ್ಕೃತ ನಿಯಮಗಳಲ್ಲಿ ಆ ಬೋನಸ್ ಆಕ್ಷನ್ ಗಂಟು ಬಿಚ್ಚಿದೆ. ನಿಕ್ ಅನ್ನುವ ಆಯುಧ ಕೌಶಲ ಇದ್ದರೆ ಎಡಗೈ ಪೆಟ್ಟು ಮಾಮೂಲಿ ಪೆಟ್ಟಿನ ಆಕ್ಷನ್‌ನಲ್ಲೇ ಸೇರುತ್ತದೆ. ಕಠಾರಿ, ಬಾಗಿದ ಕತ್ತಿಗಳಿಗೆ ಅದು ಸಿಗುತ್ತದೆ. ಜೋಡಿ ಕತ್ತಿ ಇಷ್ಟಪಡುವವರು ಆ ನಿಯಮದಲ್ಲಿ ಆಡಿದರೆ ನನ್ನ ಮೇಲಿನ ಲೆಕ್ಕ ಅವರ ಕಡೆಗೆ ಸ್ವಲ್ಪ ವಾಲುತ್ತದೆ. ನಮ್ಮ ಜಗಲಿಯಲ್ಲಿ ಮಾತ್ರ ಇನ್ನೂ ಹಳೆಯದೇ.

ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಗುರಾಣಿ ಹಿಡಿದು ಶುರು ಮಾಡು, ಎರಡನೇ ಕತ್ತಿ ಸೊಂಟದಲ್ಲಿರಲಿ. ಒಂದು ಎಚ್ಚರ ಇರಲಿ, ಈ ಆಟದಲ್ಲಿ ಗುರಾಣಿ ತೊಡಲೂ ಕಳಚಲೂ ಒಂದು ಆಕ್ಷನ್ ಹೋಗುತ್ತದೆ. ಆ ಸರದಿಯಲ್ಲಿ ಹೊಡೆಯುವ ಹಾಗಿಲ್ಲ.

ಮುಂದಿನ ಭಾನುವಾರ ಅವನು ಗುರಾಣಿ ಬರೆದುಕೊಂಡು ಬಂದ. ನಾಲ್ಕನೇ ಸುತ್ತಿನಲ್ಲಿ ಗಾಬ್ಲಿನ್‌ಗಳ ನಾಯಕ ತತ್ತರಿಸುತ್ತಿದ್ದ. ಹುಡುಗನ ಹತ್ತಿರ ಉಳಿದಿದ್ದದ್ದು 9 ಹಿಟ್ ಪಾಯಿಂಟ್. ಗುರಾಣಿ ಕಳಚಿ ಎರಡನೇ ಕತ್ತಿ ಎಳೆಯಲೋ ಬೇಡವೋ ಎಂದು ದಾಳ ಕೈಯಲ್ಲೇ ಹಿಡಿದು ಕೂತ. ಹೊರಗೆ ಮಳೆ ಜೋರಾಯಿತು. ತಂಗಿ ಅವನ ಕಾಗದದ ಕಡೆ ಇಣುಕಿ, "ನಾನು ಮುಂದೆ ಬರ್ತೀನಿ, ನೀನು ಬದಿಗೆ ಸರಿ" ಅಂದಳು. ಅವನು ಗುರಾಣಿ ಬಿಡದೆ ಪಕ್ಕಕ್ಕೆ ಸರಿದ.